ಪದ್ಮಿನಿಗೆ ಹೊಸ ರೆಕ್ಸಿನ್ ಆಮೇಲೆ, ಮೊದಲು ನೀರು ನಿಲ್ಲಿಸಿ

ತೀರ್ಥಹಳ್ಳಿಯ ಗೆಳೆಯರೇ, ಅಪ್ಪನ 1984ರ ಪ್ರೀಮಿಯರ್ ಪದ್ಮಿನಿ ಕಾರನ್ನು ಗುಜರಿಗೆ ಹಾಕದೆ ಉಳಿಸಿಕೊಂಡಿದ್ದೀರಲ್ಲ, ತುಂಬಾ ಖುಷಿಯಾಯಿತು. ಸೀಟು ಹರಿದಿದೆ, ರೂಫ್ ಬಟ್ಟೆ ಜೋತು ಬಿದ್ದಿದೆ, ಬಾಗಿಲು ತೆಗೆದರೆ ಮುಗ್ಗಲು ವಾಸನೆ, ಮನೆಯಲ್ಲೇ ಎಷ್ಟು ಮಾಡಬಹುದು ಅಂತ ಕೇಳಿದ್ದೀರಿ. ಇಲ್ಲಿ ನನಗಿಂತ ಮೊದಲು ಉತ್ತರಿಸಿದ ಇಬ್ಬರು ‘ಹೊಸ ರೆಕ್ಸಿನ್, ಕಾರ್ಪೆಟ್ ಹಾಕಿಸಿಬಿಡಿ’ ಎಂದಿದ್ದಾರೆ. ನಾನು ಒಪ್ಪುವುದಿಲ್ಲ. ಮುಗ್ಗಲು ವಾಸನೆ ಇದೆ ಅಂದರೆ ಒಳಗೆ ಎಲ್ಲೋ ನೀರು ಇಳಿಯುತ್ತಿದೆ. ಅದನ್ನು ನಿಲ್ಲಿಸದೆ ಕಾರ್ಪೆಟ್ ಹಾಕಿದರೆ ನಿಮ್ಮ ಕಡೆಯ ಒಂದು ಆಷಾಢಕ್ಕೂ ಅದು ತಡೆಯುವುದಿಲ್ಲ.

ಮೊದಲು ಬ್ಯಾಟರಿಯ ಅರ್ಥ್ ವೈರ್ ಬಿಚ್ಚಿ. ಸೀಟು, ಮ್ಯಾಟ್, ಅದರಡಿಯ ಫೆಲ್ಟ್ ಎಲ್ಲವನ್ನೂ ಹೊರಗೆ ತೆಗೆಯಿರಿ. ಫೆಲ್ಟ್ ನೀರು ಕುಡಿದು ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ, ಅದನ್ನು ಮತ್ತೆ ಹಾಕಬೇಡಿ. ಆಮೇಲೆ ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನಿಧಾನಕ್ಕೆ ನೀರು ಬಿಡಲಿ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಒಂದು ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಮೇಲಿನಿಂದ ಸುರಿದರೆ ನೀರು ಎಲ್ಲಿಂದ ಬಂತು ಅಂತ ಗೊತ್ತೇ ಆಗುವುದಿಲ್ಲ. ಹೆಚ್ಚಾಗಿ ಸಿಕ್ಕಿಬೀಳುವುದು ಮುಂದಿನ ಗಾಜಿನ ಬೀಡಿಂಗಿನ, ಅಂದರೆ ಗಾಜಿನ ಸುತ್ತಲ ರಬ್ಬರ್ ಪಟ್ಟಿಯ, ಕೆಳಗಿನ ಮೂಲೆಗಳು. ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಸಿಲಿಕಾನ್ ಬಳಿದು ಸಮಾಧಾನ ಪಡಬೇಡಿ. ಬೀಡಿಂಗೇ ಬದಲಿಸಬೇಕು. ಆದರೆ ಆ ಕೆಲಸಕ್ಕೆ ಈಗಲೇ ಕೈ ಹಾಕಬೇಡಿ, ಕಾರಣ ರೂಫ್ ಬಟ್ಟೆಯ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಬಾಗಿಲಿನ ಲೆಕ್ಕ ಬೇರೆ. ಕಿಟಕಿ ಗಾಜಿನ ಪಕ್ಕದಿಂದ ಬಾಗಿಲಿನೊಳಗೆ ನೀರು ಇಳಿಯುವುದು ಸಹಜ. ಅದು ಹೊರಗೆ ಹೋಗಲಿ ಅಂತಲೇ ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಮಣ್ಣು ತುಂಬಿ ಅವು ಮುಚ್ಚಿದರೆ ನೀರು ಒಳಗೇ ನಿಂತು ತಳ ತುಕ್ಕು ಹಿಡಿಯುತ್ತದೆ, ಒಳಗಿನ ಹಾರ್ಡ್‌ಬೋರ್ಡ್ ಹಪ್ಪಳದ ಹಾಗೆ ಉಬ್ಬುತ್ತದೆ. ತಂತಿ ಹಾಕಿ ತೂತು ಬಿಡಿಸಿ. ಬೋರ್ಡ್ ಹಿಂದೆ ದಪ್ಪ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಅದರ ಕೆಳಗಿನ ಅಂಚು ಬಾಗಿಲಿನ ಒಳಕ್ಕೆ ಇಳಿದಿರಲಿ. ಹಳೇ ಬೋರ್ಡನ್ನೇ ಅಚ್ಚಾಗಿ ಇಟ್ಟು ತೆಳು ಮೆರೈನ್ ಪ್ಲೈನಲ್ಲಿ (ನೀರು ತಡೆಯುವ ಪ್ಲೈವುಡ್) ಹೊಸದು ಕತ್ತರಿಸಿಕೊಳ್ಳಬಹುದು. ಇದು ಪೂರ್ತಿ ಮನೆಯಲ್ಲೇ ಆಗುವ ಕೆಲಸ.

ಈಗ ನೆಲ. ಪದ್ಮಿನಿಗೆ ಲಾರಿ, ಜೀಪಿನಂತೆ ಪ್ರತ್ಯೇಕ ಚಾಸಿ ಇಲ್ಲ. ಇದರ ಮೂಲ ಇಟಲಿಯ ಫಿಯೆಟ್ 1100, ಬಾಡಿಯೇ ಭಾರ ಹೊರುತ್ತದೆ. ಹಾಗಾಗಿ ನೆಲ ಮತ್ತು ಬಾಗಿಲಿನ ಕೆಳಗಿನ ಪಟ್ಟಿ (ಬಾಗಿಲಿನದ್ದಲ್ಲ, ಅದರಡಿ ಬಾಡಿಗೇ ಸೇರಿದ್ದು) ಕೊಳೆತಿದ್ದರೆ ಅದು ಅಂದದ ಪ್ರಶ್ನೆ ಅಲ್ಲ, ಗಾಡಿಯ ಬಲದ ಪ್ರಶ್ನೆ. ಸ್ಕ್ರೂಡ್ರೈವರ್‌ನಿಂದ ಎಲ್ಲ ಕಡೆ ಒತ್ತಿ ನೋಡಿ. ಒಳಕ್ಕೆ ಹೋದರೆ ಅಲ್ಲಿ ತಗಡು ಕತ್ತರಿಸಿ ವೆಲ್ಡ್ ಮಾಡಿಸಲೇಬೇಕು. ಫೈಬರ್, ಪುಟ್ಟಿ ಖಂಡಿತ ಬೇಡ. ಈ ಕೆಲಸ ಗಾಡಿಯ ತಗಡು ಕೆಲಸ ಮಾಡುವ ಒಳ್ಳೆಯ ಟಿಂಕರ್ ಕೈಗೆ ಕೊಡಿ, ಪೆಟ್ರೋಲ್ ಪೈಪ್ ಮತ್ತು ವೈರಿಂಗ್ ಎಲ್ಲಿ ಹಾದುಹೋಗಿದೆ ಅಂತ ತೋರಿಸಿಯೇ ಶುರು ಮಾಡಿಸಿ. ಬರೀ ಮೇಲ್ತುಕ್ಕು ಆದರೆ ವೈರ್ ಬ್ರಷ್, ಆಮೇಲೆ ಫಾಸ್ಫಾರಿಕ್ ಆಸಿಡ್ ಇರುವ ತುಕ್ಕು ನಿವಾರಕ, ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್, ಪೇಂಟ್. ಮಲೆನಾಡಿನಲ್ಲಿ ಈ ಗಾಡಿಗೆ ರಬ್ಬರ್ ಮ್ಯಾಟೇ ಸರಿ. ಎತ್ತಿ ಒಣಗಿಸಬಹುದು.

ಸೀಟಿನ ಹಳೇ ಕವರ್ ಮಾತ್ರ ದಯವಿಟ್ಟು ಎಸೆಯಬೇಡಿ. ಎಷ್ಟೇ ಹರಿದಿದ್ದರೂ ನಿಮಗಿರುವ ಅಳತೆ ಅದೊಂದೇ. ಬಿಚ್ಚುವಾಗ ಹಂತ ಹಂತವಾಗಿ ಫೋಟೋ ತೆಗೆಯಿರಿ. ಕವರನ್ನು ಫ್ರೇಮಿಗೆ ಹಿಡಿದಿರುವ ತಂತಿ ರಿಂಗುಗಳನ್ನು ಕಟರ್‌ನಿಂದ ಕತ್ತರಿಸಿ, ಹೊಲಿಗೆಯನ್ನು ಬ್ಲೇಡಿನಲ್ಲಿ ಬಿಚ್ಚಿ, ಪ್ರತಿ ತುಂಡಿನ ಹಿಂದೆ ಎಡ, ಬಲ, ಮುಂದು ಅಂತ ಬರೆಯಿರಿ. ಡ್ರೈವರ್ ಕೂರುವ ಕಡೆಯ ತುಂಡು ವರ್ಷಗಟ್ಟಲೆ ಹಿಗ್ಗಿರುತ್ತದೆ. ಅದನ್ನು ಅಚ್ಚು ಮಾಡಿಕೊಂಡರೆ ಹೊಸ ಕವರ್ ಸುಕ್ಕು ಬೀಳುತ್ತದೆ. ಪಕ್ಕದವರು ಕೂರುವ ಕಡೆಯದನ್ನು ಮಗುಚಿ ಇಟ್ಟು ಕತ್ತರಿಸಿ. ಮಡಿಕೆಯೊಳಗೆ, ಬಿಸಿಲು ತಾಗದ ಕಡೆ, ಮೂಲ ಬಣ್ಣ ಇನ್ನೂ ಉಳಿದಿರುತ್ತದೆ. ರೆಕ್ಸಿನ್ ತರುವಾಗ ಆ ತುಂಡನ್ನೇ ಅಂಗಡಿಗೆ ಒಯ್ಯಿರಿ.

ಸ್ಪ್ರಿಂಗ್‌ಗಳ ತುಕ್ಕು ತೆಗೆದು ಪೇಂಟ್ ಹೊಡೆಯಿರಿ, ಬಿಟ್ಟುಹೋದ ಕಡೆ ತಂತಿ ಕಟ್ಟಿ. ಅದರ ಮೇಲೆ ಗಟ್ಟಿ ಗೋಣಿ ಬಟ್ಟೆ ಬಿಗಿಯಾಗಿ ಬರಬೇಕು, ಇಲ್ಲದಿದ್ದರೆ ಸ್ಪ್ರಿಂಗ್ ಫೋಮನ್ನು ತಿಂದುಹಾಕುತ್ತದೆ. ಕೂರುವ ಭಾಗಕ್ಕೆ 40 ಡೆನ್ಸಿಟಿ, ಬೆನ್ನಿಗೆ 32 ಡೆನ್ಸಿಟಿ ಫೋಮ್ ಸಾಕು. ‘ಇನ್ನೂ ದಪ್ಪ ಇರಲಿ ಸರ್’ ಅಂತ ಕುಷನ್ ಅಂಗಡಿಯವರು ಹೇಳಿದರೆ ಬೇಡ ಅನ್ನಿ. ಸೀಟು ಎತ್ತರವಾದರೆ ತಲೆ ರೂಫಿಗೆ, ತೊಡೆ ಸ್ಟೀರಿಂಗಿಗೆ ತಾಗುತ್ತದೆ. ಹೊಲಿಗೆ ಮನೆಯ ಮೆಷಿನ್ನಿನಲ್ಲಿ ಆಗುವುದಿಲ್ಲ. ತುಂಡುಗಳನ್ನು ನೀವೇ ಕತ್ತರಿಸಿ, ಪೈಪಿಂಗ್ (ಅಂಚಿನ ಉಬ್ಬು ಪಟ್ಟಿ) ಸಮೇತ ನೈಲಾನ್ ದಾರದಲ್ಲಿ ಹೊಲಿಸಿ. ಕವರನ್ನು ಒಳ್ಳೆಯ ಬಿಸಿಲಲ್ಲಿ ಮೆತ್ತಗೆ ಮಾಡಿ, ನಡುವಿನಿಂದ ಮೂಲೆಗಳ ಕಡೆಗೆ ಎಳೆದು ಕೂರಿಸಿ.

ರೂಫ್ ಬಟ್ಟೆಗೆ ಸ್ಪ್ರೇ ಗಮ್ ಹೊಡೆಯುವ ಸಲಹೆಯೂ ಬಂದಿದೆ. ಅದರಿಂದ ಪ್ರಯೋಜನವಿಲ್ಲ. ಆ ಕಾಲದ ಗಾಡಿಗಳಲ್ಲಿ ಬಟ್ಟೆ ತಗಡಿಗೆ ಅಂಟಿರುವುದಿಲ್ಲ, ಅಡ್ಡಡ್ಡ ತಂತಿ ಕಮಾನುಗಳಿಗೆ ನೇತಾಡುತ್ತಿರುತ್ತದೆ. ಹೊಲಿಗೆ ಮಾತ್ರ ಬಿಟ್ಟಿದ್ದರೆ ಬಾಗಿದ ಸೂಜಿಯಲ್ಲಿ ಕೈಯಿಂದಲೇ ಹೊಲಿಯಬಹುದು. ಬಟ್ಟೆಯೇ ಪಿಸಿದಿದ್ದರೆ ಬದಲಿಸಿ, ಆದರೆ ಪ್ರತಿ ಕಮಾನಿಗೂ ನಂಬರ್ ಹಾಕಿ. ಒಂದೊಂದರ ಬಾಗು ಒಂದೊಂದು ಥರ ಇರುತ್ತದೆ. ಬಟ್ಟೆಯ ಅಂಚು ಸಾಮಾನ್ಯವಾಗಿ ಮುಂದೆ, ಹಿಂದೆ ಗಾಜಿನ ಬೀಡಿಂಗ್ ಒಳಗೆ ಸೇರಿರುತ್ತದೆ, ಗಾಜು ತೆಗೆಯಲೇಬೇಕು. ಬೀಡಿಂಗಿಗೆ ಈಗಲೇ ಕೈ ಹಾಕಬೇಡಿ ಎಂದದ್ದು ಇದಕ್ಕೇ. ಎರಡನ್ನೂ ಒಟ್ಟಿಗೆ ಮಾಡಿದರೆ ಗಾಜು ಎರಡೆರಡು ಸಲ ಬಿಚ್ಚುವುದು ತಪ್ಪುತ್ತದೆ.

ಹ್ಯಾಂಡಲ್, ನಾಬ್, ಕ್ರೋಮ್ ಪಟ್ಟಿ ಮಸುಕಾಗಿದ್ದರೂ ಡಬ್ಬಿಗೆ ಹಾಕಿ ಇಟ್ಟುಕೊಳ್ಳಿ, ಗಾಡಿ ತಯಾರಿಕೆ ನಿಂತು ಎರಡು ದಶಕ ದಾಟಿದೆ. ಬೀಡಿಂಗ್ ಮತ್ತು ಕಿಟಕಿ ಚಾನೆಲ್‌ಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಹಳೇ ತುಂಡು ಜೊತೆಗಿರಲಿ. ಮುಂಬೈನಲ್ಲಿ 2023ರ ಅಕ್ಟೋಬರ್‌ವರೆಗೂ ಪದ್ಮಿನಿ ಟ್ಯಾಕ್ಸಿ ಇತ್ತು, ಅಲ್ಲಿ ಯಾರಾದರೂ ಪರಿಚಯದವರಿದ್ದರೆ ಹಳೇ ಸಾಮಾನಿನ ಅಂಗಡಿಗಳಲ್ಲೂ ಕೇಳಿಸಿ.

ಮ್ಯಾಟ್ ಎತ್ತಿದ ಮೇಲೆ ನೆಲದ ಫೋಟೋ ಹಾಕಿ, ಮುಖ್ಯವಾಗಿ ಡ್ರೈವರ್ ಕಾಲಿಡುವ ಜಾಗ ಮತ್ತು ಬಾಗಿಲಿನ ಕೆಳಗಿನ ಪಟ್ಟಿ. ಪ್ಯಾಚ್ ಸಾಕಾ, ಇಡೀ ಶೀಟ್ ಬೇಕಾ ಅಂತ ನೋಡಿ ಹೇಳುತ್ತೇನೆ.