ಎಕ್ಸ್-ಮೆನ್ ಕಾಮಿಕ್ಸ್ 1963ರಿಂದಲೇ ಕೂಡಿಸಬೇಕೇ, 1975ರಿಂದ ಶುರು ಮಾಡಿದರೆ ಸಾಕೇ?

‘ಮೊದಲ ಸಂಚಿಕೆಯಿಂದ ಒಂದೂ ಬಿಡದೆ ಕೂಡಿಸಬೇಕೆಂದಿದ್ದೇನೆ, ಗೆಳೆಯರು 1975ರಿಂದ ಸಾಕು ಎನ್ನುತ್ತಾರೆ’ ಎಂದು ಬರೆದಿದ್ದೀರಿ. (ಎಕ್ಸ್-ಮೆನ್ ಎಂದರೆ ಹುಟ್ಟಿನಿಂದಲೇ ವಿಚಿತ್ರ ಶಕ್ತಿಗಳಿರುವವರ ತಂಡದ ಅಮೆರಿಕನ್ ಕಾಮಿಕ್ಸ್ ಸರಣಿ.) ಓದುತ್ತಿದ್ದಂತೆ ಒಹಾಯೊದ ನನ್ನ ಅಡುಗೆಮನೆಯ ಮೇಜು ಕಣ್ಣಮುಂದೆ ಬಂತು. ‘ಒಂದೂ ಬಿಡದೆ’ ಎಂಬ ಹಟವೇ ನನ್ನನ್ನು ಕೆಡಿಸಿದ್ದು.

ಹದಿನೈದು ವರ್ಷಗಳ ಹಿಂದೆ ಕೆಲಸದ ಮೇಲೆ ಅಲ್ಲಿದ್ದೆ. ಚಳಿಗಾಲದಲ್ಲಿ ಹೊರಗೆ ಕಾಲಿಡಲಾಗದೆ, ಲೈಬ್ರರಿಯಿಂದ ಮರುಮುದ್ರಣದ ಸಂಪುಟಗಳನ್ನು ತಂದು 1ರಿಂದ 66ರವರೆಗೆ ಓದಿ ಮುಗಿಸಿದೆ. 66ನೆಯದು 1970ರ ಮಾರ್ಚ್ ತಿಂಗಳದು. ಅದಾದ ಮೇಲೆ ಲೈಬ್ರರಿಯಲ್ಲಿ ಇದ್ದದ್ದು 1975ರ ದೊಡ್ಡ ಗಾತ್ರದ ವಿಶೇಷ ಸಂಚಿಕೆ, ಅಲ್ಲಿಂದ ನೇರವಾಗಿ 94. ಆ ವಿಶೇಷ ಸಂಚಿಕೆಯಲ್ಲಿ ಹಳೆಯ ತಂಡ ಕ್ರಕೋವಾ ದ್ವೀಪದಲ್ಲಿ ಸಿಕ್ಕಿಬಿದ್ದಿರುತ್ತದೆ, ಬಿಡಿಸಿಕೊಂಡು ಬರಲು ತಂಡದ ಗುರು ಪ್ರೊಫೆಸರ್ ಎಕ್ಸ್ ಹೊಸಬರನ್ನು ಕಲೆಹಾಕುತ್ತಾನೆ. ಹಳೆಯ ತಂಡದ ಬೀಸ್ಟ್ ಮಾತ್ರ ಅಲ್ಲಿಲ್ಲ. ಮೊದಲ ದಿನದಿಂದ ಜೊತೆಗಿದ್ದವನು ಎಲ್ಲಿ ಹೋದ? ಉತ್ತರ ನಡುವಿನ 27 ಸಂಚಿಕೆಗಳಲ್ಲಿ ಇರಲೇಬೇಕು ಎಂದುಕೊಂಡೆ.

ಪಕ್ಕದ ಊರಿನ ಹಳೆಯ ಕಾಮಿಕ್ಸ್ ಅಂಗಡಿಯಲ್ಲಿ 67ರಿಂದ 93ರವರೆಗೆ ಅಷ್ಟೂ ಸಿಕ್ಕವು, ಅದೂ ಒಂದೇ ಡಬ್ಬದಲ್ಲಿ. ಒಟ್ಟು 420 ಡಾಲರ್. ಅಕ್ಕನ ಮಗಳ ನಾಮಕರಣಕ್ಕೆ ಊರಿಗೆ ಹೋಗಲು ಎತ್ತಿಟ್ಟಿದ್ದ ಹಣ ಅದು. ಇಲ್ಲಿ ನನ್ನ ದಡ್ಡತನವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಚ್ಚರಿಕೆಯ ಗಂಟೆ ನಾಲ್ಕು ಸಲ ಬಾರಿಸಿತ್ತು. ಮೊದಲನೆಯದಾಗಿ, 66ಕ್ಕಿಂತ 67 ಅಗ್ಗವಾಗಿತ್ತು. ನನ್ನ ಅದೃಷ್ಟ ಎಂದುಕೊಂಡೆ. ಅಂಗಡಿಯವನು ‘ಇವೇ ಬೇಕೇ? ಅಷ್ಟೂ?’ ಎಂದು ಎರಡು ಸಲ ಕೇಳಿದ. ಕೊಡಲು ಅವನಿಗೇ ಮನಸ್ಸಿಲ್ಲ ಎಂದುಕೊಂಡೆ. ಕೆಲವು ಮುಖಪುಟಗಳು ಎಲ್ಲೋ ಕಂಡಂತಿದ್ದವು. ಕಾಮಿಕ್ಸ್‌ನಲ್ಲಿ ಸೋತ ಖಳ ಮತ್ತೆ ಬರುವುದು ಇದ್ದದ್ದೇ ಎಂದು ಅದಕ್ಕೂ ಸಮಾಧಾನ ಹೇಳಿಕೊಂಡೆ. ಕೊನೆಯದಾಗಿ, ಪ್ಲಾಸ್ಟಿಕ್ ಚೀಲ ಬಿಚ್ಚಿ ಒಂದನ್ನಾದರೂ ನೋಡಬಹುದಿತ್ತು. ಕೇಳಲು ಸಂಕೋಚವಾಯಿತು. ಬೇಕಾಗಿದ್ದದ್ದು ಅರ್ಧ ನಿಮಿಷ.

ರಾತ್ರಿ ಮೇಜಿನ ಮೇಲೆ ಚಹಾ ಇಟ್ಟುಕೊಂಡು 67ನೆಯದನ್ನು ಬಿಚ್ಚಿದೆ. ಯಾರೋ ಪ್ರೊಫೆಸರನ ಮನೆಯತ್ತ ಬರುತ್ತಿದ್ದಾನೆ, ಅಡ್ಡಗಟ್ಟಿದ್ದನ್ನೆಲ್ಲ ಒಡೆದುಕೊಂಡು ಬರುತ್ತಿದ್ದಾನೆ, ಆದರೆ ಅವನ ಮುಖವನ್ನು ಮಾತ್ರ ತೋರಿಸುವುದಿಲ್ಲ. ಮೂರನೆಯ ಪುಟಕ್ಕೇ ನನ್ನ ಕೈ ತಣ್ಣಗಾಯಿತು. ಬರುತ್ತಿರುವವನು ಜಗ್ಗರ್ನಾಟ್ ಎಂಬ ಖಳ ಎಂದು ನನಗೆ ಗೊತ್ತಿತ್ತು. (ನಮ್ಮ ಪುರಿ ಜಗನ್ನಾಥನ ರಥದಿಂದ ಇಂಗ್ಲಿಷಿಗೆ ಹೋದ ಪದ, ಎಲ್ಲಿಂದ ಎಲ್ಲಿಗೆ ಬಂತು ನೋಡಿ.) ಇದು 1965ರ 12ನೆಯ ಸಂಚಿಕೆಯ ಕಥೆ. ಗಾಬರಿಯಿಂದ ಉಳಿದ ಚೀಲಗಳನ್ನೂ ಹರಿದೆ. 12ರಿಂದ 45ರವರೆಗಿನ ಕಥೆಗಳನ್ನೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಮತ್ತೆ ಅಚ್ಚು ಹಾಕಿದ್ದರು. ಮಾರಾಟ ಸಾಲದೆ ಹೊಸ ಕಥೆ ನಿಲ್ಲಿಸಿ, ಸಂಖ್ಯೆಯನ್ನು ಮಾತ್ರ ಮುಂದುವರಿಸಿದ್ದರು. ಗಡಿಬಿಡಿಯಲ್ಲಿ ಚಹಾವೂ ಚೆಲ್ಲಿತು.

ಬೀಸ್ಟ್‌ನ ಕಥೆ ಇದ್ದದ್ದು ಬೇರೆ ಪತ್ರಿಕೆಯಲ್ಲಿ. 1972ರ ‘ಅಮೇಜಿಂಗ್ ಅಡ್ವೆಂಚರ್ಸ್’ 11ನೆಯ ಸಂಚಿಕೆಯಲ್ಲಿ ಅವನಿಗೆ ಮೈತುಂಬ ಕೂದಲು ಬರುತ್ತದೆ, ಅಲ್ಲಿಂದ ಮುಂದೆ ಅವೆಂಜರ್ಸ್ ಎಂಬ ಬೇರೊಂದು ವೀರರ ತಂಡ ಸೇರುತ್ತಾನೆ. ಸಂಖ್ಯೆಯ ಸಾಲಿನಲ್ಲಿ ಕಥೆ ಇರಲಿಲ್ಲ, ಕಥೆ ಇದ್ದಲ್ಲಿ ಆ ಸಂಖ್ಯೆ ಇರಲಿಲ್ಲ. ನಾಮಕರಣಕ್ಕೆ ನಾನು ಹೋಗಲಿಲ್ಲ. ಅಕ್ಕ ಇಂದಿಗೂ ಆಡಿಕೊಳ್ಳುತ್ತಾಳೆ.

ಹಾಗೆಂದು ನಿಮ್ಮ ಗೆಳೆಯರ ಮಾತನ್ನೂ ನಾನು ಒಪ್ಪುವುದಿಲ್ಲ. 1975ರಲ್ಲಿ ಬರಹಗಾರ ಲೆನ್ ವೀನ್, ಚಿತ್ರಕಾರ ಡೇವ್ ಕಾಕ್ರಂ ಸೇರಿ ಸ್ಟಾರ್ಮ್, ನೈಟ್‌ಕ್ರಾಲರ್, ಕೊಲೋಸಸ್ ಎಂಬ ಹೊಸಬರನ್ನು ಸೃಷ್ಟಿಸಿದ್ದು, 94ರಿಂದ ಕ್ರಿಸ್ ಕ್ಲೇರ್ಮಾಂಟ್ ಬರೆಯತೊಡಗಿದ್ದು ದೊಡ್ಡ ಸಂಗತಿಯೇ. ಆದರೆ ನನಗೆ ಹೆಚ್ಚು ಪ್ರೀತಿ ಮೊದಲ ಹತ್ತು ಹನ್ನೊಂದು ಸಂಚಿಕೆಗಳ ತಡಕಾಟದ ಮೇಲೆ. ಮೊದಲ ಕಥೆಗಾರ ಸ್ಟ್ಯಾನ್ ಲೀ ಸರಣಿಗೆ ಇಟ್ಟಿದ್ದ ಹೆಸರು ‘ದಿ ಮ್ಯೂಟಂಟ್ಸ್’, ಅಂದರೆ ಹುಟ್ಟಿನಿಂದಲೇ ಮಾರ್ಪಾಡಾದವರು. ಆ ಪದ ಓದುಗರಿಗೆ ತಿಳಿಯದು ಎಂದು ಪ್ರಕಾಶನದ ಮಾಲೀಕ ಮಾರ್ಟಿನ್ ಗುಡ್‌ಮನ್ ತಳ್ಳಿಹಾಕಿದ. ಒಬ್ಬೊಬ್ಬನಿಗೂ ಶಕ್ತಿ ಹೇಗೆ ಬಂತೆಂದು ಹೊಸದಾಗಿ ಹೊಸೆಯುವ ಕಷ್ಟ ಬೇಡವೆಂದೇ ಹುಟ್ಟಿನಿಂದ ಬಂದದ್ದು ಎಂದುಬಿಟ್ಟೆ ಎಂದು ಲೀ ತಾನೇ ಹೇಳಿಕೊಂಡಿದ್ದಾನೆ. ಆ ಸೋಮಾರಿತನದಿಂದಲೇ ಇಡೀ ಸರಣಿಯ ತಿರುಳು ಹುಟ್ಟಿತು!

ಮೊದಲ ಚಿತ್ರಕಾರ ಜ್ಯಾಕ್ ಕರ್ಬಿಯ ಚಿತ್ರಗಳಲ್ಲಿ ತಂಡದ ಐಸ್‌ಮ್ಯಾನ್ ಮೊದಮೊದಲು ಮಕ್ಕಳು ಅಂಗಳದಲ್ಲಿ ಮಾಡಿದ ಹಿಮದ ಬೊಂಬೆಯಂತಿದ್ದಾನೆ. 8ನೆಯ ಸಂಚಿಕೆಯ ಹೊತ್ತಿಗೆ ಗಾಜಿನಂಥ ಮಂಜುಗಡ್ಡೆಯಾಗುತ್ತಾನೆ. ಒರಟನಂತೆ ಮಾತನಾಡುತ್ತಿದ್ದ ಬೀಸ್ಟ್ 3ನೆಯದರಲ್ಲಿ ಇದ್ದಕ್ಕಿದ್ದಂತೆ ಪಂಡಿತನಾಗುತ್ತಾನೆ. ತಂಡದ ಇನ್ನೊಬ್ಬ ಸೈಕ್ಲಾಪ್ಸ್‌ನ ನಿಜನಾಮ ಮೊದಲಿಗೆ ಸ್ಲಿಮ್, ಸ್ಕಾಟ್ ಅಲ್ಲ. ಅದೇ 3ನೆಯದರಲ್ಲಿ ಪ್ರೊಫೆಸರ್ ತನ್ನ ಶಿಷ್ಯೆ ಜೀನ್‌ಳ ಮೇಲೆ ಒಳಗೊಳಗೇ ಪ್ರೀತಿ ಇದೆ ಎಂದುಕೊಳ್ಳುತ್ತಾನೆ. ಓದಿ ಮೈ ಉರಿಯಿತು. ಪುಣ್ಯಕ್ಕೆ ಆ ಎಳೆಯನ್ನು ಅಲ್ಲಿಗೇ ಕೈಬಿಟ್ಟರು. ತಂಡದ ಮುಖ್ಯ ಶತ್ರು ಮ್ಯಾಗ್ನೀಟೊ ಆಗ ಬರೀ ದುಷ್ಟ. ಅವನ ಬಾಲ್ಯ ನಾಜಿಗಳ ಆಶ್ವಿಟ್ಜ್ ಶಿಬಿರದಲ್ಲಿ ಕಳೆಯಿತೆಂದು ತಿಳಿಯಲು 1981ರ 150ನೆಯ ಸಂಚಿಕೆಯವರೆಗೆ ಕಾಯಬೇಕು.

ಆದ್ದರಿಂದ 1963ರಿಂದಲೇ ಓದಿ, ಆದರೆ ಕೂಡಿಸಬೇಡಿ. ಮರುಮುದ್ರಣ ಸಂಪುಟದಲ್ಲಿ ಮೊದಲ ಹನ್ನೊಂದು, ಆಮೇಲೆ ಸೆಂಟಿನೆಲ್ ಯಂತ್ರಮಾನವರು ಬರುವ 14ರಿಂದ 16, ನೀಲ್ ಆಡಮ್ಸ್ ಚಿತ್ರ ಬರೆದ 56ರಿಂದ 63 ಮತ್ತು 65. ನಡುವಿನ ಸಪ್ಪೆ ಸಂಚಿಕೆಗಳನ್ನು ಬಿಟ್ಟರೆ ಯಾರೂ ಕೇಳುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ 67ರಿಂದ 93 ಬೇಕೇ ಬೇಕು ಎನ್ನುವುದಾದರೆ ತಿಳಿಸಿ, ಮೈಸೂರಿನ ಮನೆಯ ಅಟ್ಟದ ಮೇಲೆ ಡಬ್ಬ ಹಾಗೆಯೇ ಇದೆ. ಅರ್ಧ ಬೆಲೆಗೆ ಕೊಡುತ್ತೇನೆ. ಮೊದಲನೆಯದರ ಮೇಲೆ ಚಹಾದ ಕಲೆ ಇದೆ, ಅದಕ್ಕೆ ಬೇಕಾದರೆ ಇನ್ನೂ ಸ್ವಲ್ಪ ಕಡಿಮೆ ಮಾಡೋಣ.