ಒಂದು ಬಂಡೆ, ಮೂರು ಪಾಲು

ಸಂಪಾದಕರ ಉತ್ತರ

(ಕಳೆದ ಸಂಚಿಕೆಯಲ್ಲಿ ಜರ್ಮನಿಯ ಎಲ್ಟ್ಸ್ ಕೋಟೆಯ ಚಿತ್ರ ಹಾಕಿದ್ದೆವು. ಹಾಸನದ ಓದುಗರೊಬ್ಬರು ಅದನ್ನು ನೋಡಿ ಬರೆದಿದ್ದಾರೆ: "ನಾನು ಚಿತ್ರದುರ್ಗ ನೋಡಿದವನು. ಕೋಟೆ ಅಂದ್ರೆ ಎತ್ತರದಲ್ಲಿರಬೇಕು, ಸುತ್ತ ಗೋಡೆ ಇರಬೇಕು. ಇದು ನೋಡಿದರೆ ಗುಡ್ಡಗಳ ನಡುವಿನ ತಗ್ಗಿನಲ್ಲಿದೆ. ಏಳೆಂಟು ಮನೆಗಳನ್ನು ಒತ್ತಿ ನಿಲ್ಲಿಸಿದ ಹಾಗಿದೆ. ಮೇಲಿನಿಂದ ಯಾರಾದರೂ ಕಲ್ಲು ಎಸೆದರೆ ಮುಗೀತಲ್ಲ? ಇದು ನಿಜವಾಗಿ ಹಳೆಯದೋ, ನಾಯ್‌ಶ್ವಾನ್‌ಸ್ಟೈನ್ ಥರ ಆಮೇಲೆ ಶೋಕಿಗೆ ಕಟ್ಟಿಸಿದ್ದೋ? ಮಗಳು ಫ್ರಾಂಕ್‌ಫರ್ಟ್‌ನಲ್ಲಿದ್ದಾಳೆ, ಹೋದಾಗ ಒಳಗೆ ಬಿಡ್ತಾರಾ?")

ಮೇಲಿನಿಂದ ಕಲ್ಲು ಎಸೆದರೆ ಏನು ಗತಿ ಅಂತ ಕೇಳಿದ್ದೀರಿ. ನಿಮಗಿಂತ ಸುಮಾರು ಏಳುನೂರು ವರ್ಷ ಮುಂಚೆ ಒಬ್ಬರಿಗೆ ಇದೇ ಯೋಚನೆ ಬಂದಿತ್ತು. ಟ್ರಿಯರ್‌ನ ಆರ್ಚ್‌ಬಿಷಪ್ ಬಾಲ್ಡುಯಿನ್. ಹೆಸರಿಗೆ ಧರ್ಮಗುರು, ಕೈಯಲ್ಲಿ ಮಾತ್ರ ಪೂರ್ತಿ ರಾಜ್ಯಾಧಿಕಾರ. ತನ್ನ ಸೀಮೆಯ ನೈಟ್‌ಗಳೆಲ್ಲ ತನ್ನ ಮಾತು ಕೇಳಬೇಕು ಅನ್ನುವುದು ಅವನ ಹಟ. ಎಲ್ಟ್ಸ್ ಮನೆತನದವರು ಅಕ್ಕಪಕ್ಕದ ಇನ್ನೂ ಕೆಲವು ಕೋಟೆಗಳವರ ಜೊತೆ ಸೇರಿಕೊಂಡು ಆಗುವುದಿಲ್ಲ ಅಂದರು. 1331ರಲ್ಲಿ ಜಗಳ ಶುರುವಾಯಿತು. ಬಾಲ್ಡುಯಿನ್ ಗೋಡೆ ಹತ್ತುವ ಗೋಜಿಗೇ ಹೋಗಲಿಲ್ಲ. ಎದುರಿನ ಎತ್ತರದ ದಿಣ್ಣೆ ಮೇಲೆ ತಾನೇ ಒಂದು ಸಣ್ಣ ಕೋಟೆ ಕಟ್ಟಿಸಿದ. ಟ್ರುಟ್ಸ್‌ಎಲ್ಟ್ಸ್ ಅಂತ ಅದರ ಹೆಸರು. ಅಲ್ಲಿ ಕವಣೆ ಯಂತ್ರ ಹೂಡಿ ಕಲ್ಲುಗುಂಡು ಎಸೆಸಿದ, ದಾರಿ ಕಟ್ಟಿದ, ಕಾದ. ಐದಾರು ವರ್ಷದಲ್ಲಿ ಎಲ್ಟ್ಸ್‌ನವರು ಸೋತು ರಾಜಿಗೆ ಬಂದರು. ಯಾರ ಅಡಿಯಲ್ಲೂ ಇಲ್ಲದ ನೈಟ್‌ಗಳು ಅನ್ನುವ ಹೆಮ್ಮೆ ಹೋಯಿತು, ಆರ್ಚ್‌ಬಿಷಪ್‌ನ ಅಧೀನರಾದರು. ಆದರೆ ಮನೆ ಅವರಿಗೇ ಉಳಿಯಿತು. ಮುಂದೆ 1567ರಲ್ಲಿ ಇದೇ ಮನೆತನದ ಯಾಕೊಬ್ ಟ್ರಿಯರ್‌ನ ಆರ್ಚ್‌ಬಿಷಪ್ ಆದ. ಬಾಲ್ಡುಯಿನ್ ಕೂತಿದ್ದ ಪೀಠ ಅದು!

ಹಾಗಿದ್ದರೆ ತಗ್ಗಿನಲ್ಲಿ ಯಾಕೆ ಕಟ್ಟಿದರು ಅಂತೀರಾ? ಕಾರಣ ದಾರಿ. ಮೋಸೆಲ್ ನದಿಯ ದಂಡೆಯಿಂದ ಮೈಫೆಲ್ಡ್ ಅನ್ನುವ ಧಾನ್ಯ ಬೆಳೆಯುವ ಬಯಲಿಗೆ ಹೋಗುವ ವ್ಯಾಪಾರದ ದಾರಿ ಈ ಕಣಿವೆಯಲ್ಲೇ ಹಾದುಹೋಗುತ್ತಿತ್ತು. ಅದನ್ನು ಕಾಯುವವನಿಗೆ ಬೆಟ್ಟದ ತುದಿಗಿಂತ ಈ ಬಂಡೆಯೇ ಅನುಕೂಲ. ಬಂಡೆಯೂ ಚಿಕ್ಕದೇನಲ್ಲ, ಕೆಲವು ಕಡೆ 70 ಮೀಟರ್ ಎತ್ತರವಿದೆ. ಮೂರು ಕಡೆ ಎಲ್ಟ್ಸ್‌ಬಾಖ್ ಅನ್ನುವ ಹೊಳೆ ಸುತ್ತಿ ಹರಿಯುತ್ತದೆ. ಫ್ರೆಡ್ರಿಕ್ ಬಾರ್ಬರೋಸ ಚಕ್ರವರ್ತಿಯ 1157ರ ದಾನಪತ್ರವೊಂದಕ್ಕೆ ರುಡಾಲ್ಫ್ ಫಾನ್ ಎಲ್ಟ್ಸ್ ಅನ್ನುವವನು ಸಾಕ್ಷಿ ಹಾಕಿದ್ದಾನೆ. ಮನೆತನದ ಹೆಸರು ಮೊದಲು ಸಿಗುವುದೇ ಅಲ್ಲಿ.

ಇನ್ನು ಆ ಒತ್ತೊತ್ತು ಮನೆಗಳ ವಿಚಾರ. ನಿಮ್ಮ ಕಣ್ಣು ಸರಿಯಾದ ಜಾಗಕ್ಕೇ ಹೋಗಿದೆ. ಇದು ಒಬ್ಬ ರಾಜನ ಕೋಟೆ ಅಲ್ಲ, ದಾಯಾದಿಗಳ ಕೋಟೆ. 1268ಕ್ಕೆ ಮುಂಚೆ ಎಲಿಯಾಸ್, ವಿಲ್ಹೆಲ್ಮ್, ಥಿಯೊಡೆರಿಖ್ ಅನ್ನುವ ಮೂವರು ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡರು. ಜಮೀನು ಹಂಚಬಹುದು, ಬಂಡೆ ಹಂಚುವುದು ಹೇಗೆ? ಒಂದೇ ಬಂಡೆ ಮೇಲೆ ಮೂರು ಕವಲಿನವರೂ ಉಳಿದರು. ಒಬ್ಬನ ವಂಶದ ಗುರುತು ಚಿನ್ನದ ಸಿಂಹ, ಇನ್ನೊಬ್ಬನದು ಬೆಳ್ಳಿಯ ಸಿಂಹ, ಮತ್ತೊಬ್ಬನದು ಕೋಣದ ಕೊಂಬು. ಅಡಿಗೆಮನೆ ಬೇರೆ, ಮೆಟ್ಟಿಲು ಬೇರೆ, ಬಾವಿ ಮತ್ತು ಅಂಗಳ ಒಂದೇ ಅನ್ನುವ ನಮ್ಮ ಹಳೇ ತೊಟ್ಟಿಮನೆಗಳನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥ ಆಗುತ್ತದೆ.

ಆದ್ದರಿಂದಲೇ ಈ ಕಟ್ಟಡಕ್ಕೆ ಒಂದು ನಕ್ಷೆ ಅಂತ ಇಲ್ಲ. ದುಡ್ಡು ಬಂದಾಗ, ಸಂಸಾರ ಬೆಳೆದಾಗ ಒಂದೊಂದು ಕವಲಿನವರು ತಮ್ಮ ಪಾಲಿನ ಜಾಗದಲ್ಲಿ ಕಟ್ಟುತ್ತಾ ಹೋದರು. ಅಗಲಕ್ಕೆ ಜಾಗವಿಲ್ಲ, ಮೇಲಕ್ಕೇ ಹೋಗಬೇಕು. ಎಲ್ಲಕ್ಕಿಂತ ಹಳೆಯದು ಪ್ಲಾಟ್‌ಎಲ್ಟ್ಸ್ ಅನ್ನುವ ದಪ್ಪ ಗೋಡೆಯ ಗೋಪುರ. ರೂಬೆನಾಖ್ ಕವಲಿನವರ ಮನೆ 1472ರಲ್ಲಿ ಮುಗಿಯಿತು. ರೋಡೆನ್‌ಡಾರ್ಫ್ ಕವಲಿನವರದು ಸುಮಾರು 1490ರಿಂದ 1540ರ ನಡುವಿನದು. ಕೆಂಪೆನಿಖ್ ಕವಲಿನವರು 1604ರಲ್ಲಿ ಶುರು ಮಾಡಿ 1661ರ ಹೊತ್ತಿಗೆ ಮುಗಿಸಿದರು. ಕೆಳಗೆ ಕಲ್ಲು, ಮೇಲಿನ ಮಹಡಿಗಳಲ್ಲಿ ಮರದ ಚೌಕಟ್ಟಿನ ಗೋಡೆ, ಅದರ ಮೇಲೆ ಸ್ಲೇಟು ಕಲ್ಲಿನ ಚೂಪು ಚಾವಣಿ. ಎಂಟು ಗೋಪುರದಂಥ ಮನೆಗಳು ಒಂದು ಇಕ್ಕಟ್ಟಾದ ಅಂಗಳದ ಸುತ್ತ ನಿಂತಿವೆ. ಹತ್ತಿರ ಹತ್ತಿರ ನೂರು ಕೋಣೆ, ಸುಮಾರು 20 ಶೌಚದ ಗೂಡು. ಆ ಕಾಲಕ್ಕೆ ಅದು ಜಾಸ್ತಿಯೇ.

ನನಗೆ ತುಂಬ ಇಷ್ಟವಾದದ್ದು ಎರಡು ವಿವರ. ರೂಬೆನಾಖ್ ಮನೆಯ ಮಲಗುವ ಕೋಣೆಯಲ್ಲಿ ಪುಟ್ಟ ಪ್ರಾರ್ಥನಾ ಜಾಗವಿದೆ. ಅದು ಕೋಣೆಯ ಒಳಗಿಲ್ಲ, ಗೋಡೆಯಿಂದ ಹೊರಕ್ಕೆ ಚಾಚಿಕೊಂಡಿದೆ. ದೇವರ ಪೀಠದ ಮೇಲ್ಗಡೆ ಮನುಷ್ಯರು ವಾಸ ಮಾಡಬಾರದು ಅನ್ನುವ ನಿಯಮ ಇತ್ತು. ಮೇಲೆ ಇನ್ನೊಂದು ಮಹಡಿ ಬೇಕು, ನಿಯಮವೂ ಮುರಿಯಬಾರದು. ದೇವರನ್ನೇ ಗೋಡೆಯಾಚೆ ಕೂರಿಸಿದರು!

ಇನ್ನೊಂದು, ಮೂರು ಕವಲಿನವರೂ ಸೇರುತ್ತಿದ್ದ ದೊಡ್ಡ ಹಜಾರ. ಅಲ್ಲಿನ ಗೋಡೆಗಳಲ್ಲಿ ವಿದೂಷಕರ ಮುಖಗಳಿವೆ. ಇಲ್ಲಿ ಮನಸ್ಸಿಗೆ ಬಂದದ್ದನ್ನು ಬಿಚ್ಚಿ ಹೇಳಬಹುದು ಅಂತ ಅದರ ಅರ್ಥ. ಬಾಗಿಲ ಮೇಲೆ ಒಂದು ಗುಲಾಬಿ. ಇಲ್ಲಿ ಆಡಿದ್ದು ಹೊಸ್ತಿಲು ದಾಟಬಾರದು ಅಂತ. ಯಾರು ಎಷ್ಟು ಖರ್ಚು ಹಾಕಬೇಕು, ಒಬ್ಬರಿಗೊಬ್ಬರು ಹೇಗೆ ನಡೆದುಕೊಳ್ಳಬೇಕು ಅನ್ನುವುದಕ್ಕೆ ಬರೆದ ಕರಾರುಗಳೂ ಇದ್ದವು. ಇಷ್ಟು ಜನ ದಾಯಾದಿಗಳು ಒಂದೇ ಅಂಗಳದಲ್ಲಿ ಬಾಳಿದರು ಅಂದರೆ ಅದರ ಹಿಂದೆ ಪ್ರೀತಿಗಿಂತ ಕರಾರಿನ ಕೆಲಸವೇ ಜಾಸ್ತಿ ಇರಬೇಕು ಅಂತ ನನ್ನ ಗುಮಾನಿ.

ಹಳೆಯದೋ ನಕಲೋ ಅಂದಿರಿ. ಹಳೆಯದೇ. ನಾಯ್‌ಶ್ವಾನ್‌ಸ್ಟೈನ್‌ನ ಕೆಲಸ ಶುರುವಾದದ್ದೇ 1869ರಲ್ಲಿ, ಬವೇರಿಯಾದ ರಾಜ ಎರಡನೇ ಲುಡ್ವಿಗ್ ಕಾಲಕ್ಕೆ. 1688ರಲ್ಲಿ ಶುರುವಾದ ಯುದ್ಧದಲ್ಲಿ ಫ್ರೆಂಚ್ ಸೈನ್ಯ ರೈನ್ ಸೀಮೆಯ ಕೋಟೆಗಳನ್ನು ಸಾಲುಸಾಲಾಗಿ ಉಡಾಯಿಸಿತು. ಎಲ್ಟ್ಸ್ ಮನೆತನದ ಹಾನ್ಸ್ ಆಂಟನ್ ಆಗ ಫ್ರೆಂಚ್ ಸೈನ್ಯದಲ್ಲೇ ದೊಡ್ಡ ಅಧಿಕಾರಿ. ಕೆಡವಬೇಕಾದ ಕೋಟೆಗಳ ಪಟ್ಟಿಯಿಂದ ತನ್ನ ಮನೆಯ ಹೆಸರು ತೆಗೆಸಿದ. ಗೋಡೆಯ ಬಲ ಬಾಲ್ಡುಯಿನ್ ಕಾಲದಲ್ಲೇ ಗೊತ್ತಾಗಿತ್ತು. ಈ ಸಲ ಕಾಪಾಡಿದ್ದು ವಶೀಲಿ. ಕೋಟೆ ಇಡೀ 1815ರಲ್ಲಿ ಕೆಂಪೆನಿಖ್ ಕವಲಿನ ಕೈಸೇರಿತು. 1845ರಿಂದ 1888ರವರೆಗೆ ಕೌಂಟ್ ಕಾರ್ಲ್ ರಿಪೇರಿ ಮಾಡಿಸಿದ. ಅದೇ ಕಾಲದಲ್ಲಿ ರೈನ್ ದಂಡೆಯ ಪಾಳು ಕೋಟೆಗಳನ್ನು ಮನಸ್ಸಿಗೆ ಬಂದ ಹಾಗೆ ಹೊಸದಾಗಿ ಕಟ್ಟುತ್ತಿದ್ದರು. ಈತ ಇದ್ದದ್ದನ್ನು ಇದ್ದ ಹಾಗೆ ಉಳಿಸಿದ. 1920ರಲ್ಲಿ ಬೆಂಕಿ ಬಿದ್ದು ಒಂದು ಭಾಗ ಸುಟ್ಟಿತು, ಅಷ್ಟು ಮಾತ್ರ ಆಮೇಲೆ ಸರಿಪಡಿಸಿದ್ದು. ಯೂರೋ ಬರುವ ಮುಂಚಿನ 500 ಮಾರ್ಕ್ ನೋಟಿನ ಹಿಂಬದಿಯಲ್ಲೂ ಬಹಳ ವರ್ಷ ಈ ಕೋಟೆಯ ಚಿತ್ರ ಇತ್ತು.

ಮಗಳ ಹತ್ತಿರ ಹೋದಾಗ ಖಂಡಿತ ನೋಡಿ ಬನ್ನಿ. ಚಳಿಗಾಲದಲ್ಲಿ ಮುಚ್ಚಿರುತ್ತದೆ, ಹಾಗಾಗಿ ಏಪ್ರಿಲ್‌ನಿಂದ ಅಕ್ಟೋಬರ್ ಒಳಗೆ ಹೋಗಿ. ಕೊಬ್ಲೆನ್ಸ್‌ನಿಂದ ರೈಲಿನಲ್ಲಿ ಮೋಸೆಲ್‌ಕೆರ್ನ್‌ಗೆ ಬಂದರೆ ಹೊಳೆ ಪಕ್ಕದ ಕಾಡುದಾರಿಯಲ್ಲಿ ನಡೆದೇ ಹೋಗಬಹುದು, ಒಂದು ಒಂದೂವರೆ ಗಂಟೆ ಇಟ್ಟುಕೊಳ್ಳಿ. ರೂಬೆನಾಖ್ ಮತ್ತು ರೋಡೆನ್‌ಡಾರ್ಫ್ ಭಾಗಗಳನ್ನು ಗೈಡ್ ಜೊತೆ ತೋರಿಸುತ್ತಾರೆ. ಕೋಣೆಗಳ ಒಳಗೆ ಫೋಟೊ ತೆಗೆಯುವ ಹಾಗಿಲ್ಲ. ಕೆಂಪೆನಿಖ್ ಭಾಗಕ್ಕೆ ಮಾತ್ರ ಬಿಡುವುದಿಲ್ಲ, ಅದು ಈಗಲೂ ಮನೆಯವರ ಸ್ವಂತಕ್ಕೆ.