ಆಫರ್ ಲೆಟರನ್ನು ಪಟ್ಟಿ ಓದಿದ ಹಾಗೆ ಓದು

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಎಕನಾಮಿಕ್ಸ್ ಪಿಎಚ್‌ಡಿಗೆ ಅಮೆರಿಕದಲ್ಲಿ ಎರಡು ಕಡೆ ಸೀಟು ಸಿಕ್ಕಿದೆ. ಒಂದು ದೊಡ್ಡ ಹೆಸರಿನದು, ದುಬಾರಿ ಊರು, ದುಡ್ಡು ಮೊದಲ ವರ್ಷಕ್ಕೆ ಮಾತ್ರ. ಇನ್ನೊಂದು ಒಳನಾಡಿನ ಸ್ಟೇಟ್ ಯೂನಿವರ್ಸಿಟಿ. ಐದು ವರ್ಷ ಟ್ಯೂಷನ್ ಮಾಫಿ, ಖರ್ಚಿಗೆ ಸ್ಟೈಪೆಂಡ್, ಹೆಲ್ತ್ ಇನ್ಶೂರೆನ್ಸ್. ಪಿ.ಜೆ. ಬಡಾವಣೆಯ ನಿಮ್ಮ ದೊಡ್ಡಪ್ಪ ಹೆಸರಿನ ಕಡೆ, ನಿನಗೆ ಅನುಮಾನ. ಯಾವುದಕ್ಕೆ ಹೂಂ ಅನ್ನಲಿ ಅಂತ ಕೇಳಿದ್ದೀಯ.

ನಾನೂ ದಾವಣಗೆರೆಯವನೇ. ನಮ್ಮಪ್ಪ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತಿದ್ದರು. ಮೆಕ್ಕೆಜೋಳ ತಂದ ಹೊಸ ಹುಡುಗರು ಕ್ವಿಂಟಲ್‌ಗೆ ಎಷ್ಟು ಬಿತ್ತು ಅಂತಷ್ಟೇ ಕೇಳುತ್ತಿದ್ದರು. ಹಳಬರು ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ, ಕೈಗೆ ತಗೊಂಡು ಕೆಳಗಿನಿಂದ ಓದುತ್ತಿದ್ದರು. ಹಮಾಲಿ ಎಷ್ಟು ಹೋಯಿತು, ತೂಕಕ್ಕೆ ಎಷ್ಟು, ಕೈಗೆ ಎಷ್ಟು.

ಪಿಎಚ್‌ಡಿಗೆ ಅಂತ ಅಮೆರಿಕಕ್ಕೆ ಬರುವಾಗ ನಾನು ಆ ಹೊಸ ಹುಡುಗರ ಹಾಗೆ ಮಾಡಿದೆ. ಸ್ಟೈಪೆಂಡ್ ಒಂಬತ್ತು ತಿಂಗಳಿಗೆ ಅಂತ ಲೆಟರ್‌ನಲ್ಲೇ ಇತ್ತು, ನಾನು ನೋಡಲಿಲ್ಲ. ಮೇ ತಿಂಗಳಲ್ಲಿ ದುಡ್ಡು ನಿಂತಿತು. ಎಫ್-1, ಅಂದರೆ ಸ್ಟೂಡೆಂಟ್ ವೀಸಾದಲ್ಲಿ ಹೊರಗೆ ಅಂಗಡಿಯಲ್ಲಿ ಕೆಲಸಕ್ಕೆ ನಿಲ್ಲೋ ಹಾಗಿಲ್ಲ. ಆ ಬೇಸಿಗೆ ಅನ್ನಕ್ಕೆ ಅಮ್ಮ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ. ಆಗಸ್ಟ್ ಹೊತ್ತಿಗೆ ಡಬ್ಬಿ ತಳ ಕೆರೆಯುತ್ತಿದ್ದೆ. ಟ್ಯೂಷನ್ ಮಾಫಿ ಅಂದರೂ ‘ಫೀಸ್’ ಅಂತ ಬೇರೆ ಸಾಲು ಇರಬಹುದು. ಅದನ್ನು ಸೆಮಿಸ್ಟರ್‌ಗೊಮ್ಮೆ ಕೈಯಿಂದಲೇ ಕಟ್ಟಬೇಕು. ಕೇಳಿಕೋ.

ಇನ್ನು ಓದು. ಮೊದಲ ವರ್ಷ ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ: ಮೈಕ್ರೋ, ಮ್ಯಾಕ್ರೋ, ಎಕನಾಮೆಟ್ರಿಕ್ಸ್. ತುಂಬಾ ಕಡೆ ಅದಾದ ಮೇಲೆ ಪ್ರಿಲಿಮ್ ಪರೀಕ್ಷೆ, ಮುಂದಕ್ಕೆ ಹೋಗೋಕೆ ಅದು ಪಾಸಾಗಬೇಕು. ಎರಡು ಸಲ ಫೇಲಾದರೆ ಸಾಮಾನ್ಯವಾಗಿ ಮಾಸ್ಟರ್ಸ್ ಕೊಟ್ಟು ಕಳಿಸುತ್ತಾರೆ. ಮೂರನೇ ವರ್ಷದ ಒಂದಿಬ್ಬರಿಗೆ ಮೇಲ್ ಹಾಕಿ, ನಿಮ್ಮ ಜೊತೆ ಎಷ್ಟು ಜನ ಸೇರಿದರು, ಈಗ ಎಷ್ಟು ಜನ ಇದ್ದೀರಿ ಅಂತ ಕೇಳು. ಪ್ರೊಫೆಸರ್‌ಗಳು ಹೇಳದ್ದನ್ನು ಇವರು ಹೇಳುತ್ತಾರೆ. ಒಬ್ಬರೇ ಮೇಷ್ಟ್ರನ್ನು ನಂಬಿಕೊಂಡು ಹೋಗಬೇಡ. ನಾನು ನಂಬಿದ್ದವರು ಎರಡನೇ ವರ್ಷಕ್ಕೆ ಬೇರೆ ಯೂನಿವರ್ಸಿಟಿಗೆ ಹೊರಟುಹೋದರು. ನಿನ್ನ ವಿಷಯದಲ್ಲಿ ಕನಿಷ್ಠ ಮೂವರಾದರೂ ಇರಲಿ. ಓದು ಮುಗಿಸಿದವರಿಗೆ ಎಲ್ಲಿ ಕೆಲಸ ಸಿಕ್ಕಿತು ಅನ್ನೋ ಪ್ಲೇಸ್‌ಮೆಂಟ್ ಪಟ್ಟಿಯಲ್ಲೂ ಮೇಲಿನ ಒಂದು ಹೆಸರು ಬಿಡು, ನಡುವಿನವರು ಎಲ್ಲಿ ಸೇರಿದರು ನೋಡು. ನಾವು ನೀವು ಜಾಸ್ತಿ ಅಲ್ಲೇ ಇರೋದು, ಅಲ್ವಾ?

ವೀಸಾಕ್ಕೆ ಯೂನಿವರ್ಸಿಟಿ ಕೊಡೋ ಐ-20 ಫಾರ್ಮ್‌ನಲ್ಲಿ ಬರೋ ಕೋರ್ಸ್ ಕೋಡನ್ನೂ ಕೇಳು. 45.0603 ಇದ್ದರೆ ಅದು ಸ್ಟೆಮ್, ಅಂದರೆ ವಿಜ್ಞಾನ-ತಂತ್ರಜ್ಞಾನ-ಎಂಜಿನಿಯರಿಂಗ್-ಗಣಿತದ ಲೆಕ್ಕ. ಈಗಿನ ನಿಯಮದಲ್ಲಿ ಓದು ಮುಗಿದ ಮೇಲೆ ಅಲ್ಲೇ ಕೆಲಸ ಮಾಡೋಕೆ ಕೊಡೋ ಒಂದು ವರ್ಷದ ಅನುಮತಿ (ಒಪಿಟಿ) ಮೇಲೆ ಇನ್ನೆರಡು ವರ್ಷ ಕೇಳಬಹುದು.

ನನ್ನ ಮಾತು ಕೇಳೋದಾದರೆ, ಹೆಸರಿನ ಕಡೆಯವರಿಗೆ ಇವತ್ತೇ ಬರಿ. ಎರಡನೇ ವರ್ಷದಿಂದ ದುಡ್ಡು ಹೇಗೆ, ಬರೆದು ಕೊಡ್ತೀರಾ ಅಂತ. ಇಲ್ಲಿ ಹಾಗೆ ಕೇಳೋದು ಮಾಮೂಲಿ, ಯಾರೂ ಸಿಟ್ಟಾಗಲ್ಲ. ಹೂಂ ಅನ್ನೋಕೆ ತುಂಬಾ ಯೂನಿವರ್ಸಿಟಿಗಳು ಏಪ್ರಿಲ್ 15ರವರೆಗೆ ಟೈಮ್ ಕೊಡುತ್ತವೆ. ‘ಸಾಮಾನ್ಯವಾಗಿ ಸಿಗುತ್ತೆ’ ಅಂತ ಉತ್ತರ ಬಂದರೆ ಅದು ಬರೆದು ಕೊಟ್ಟದ್ದಲ್ಲ. ಆಗ ಸ್ಟೇಟ್ ಯೂನಿವರ್ಸಿಟಿಗೆ ಹೋಗು. ದೊಡ್ಡಪ್ಪನಿಗೆ ನಾನೇ ಫೋನ್ ಮಾಡಿ ಹೇಳ್ತೀನಿ.

ಬೇಡ ಅನ್ನೋ ಕಡೆಗೆ ಮಾತ್ರ ತಡ ಮಾಡದೆ ತಿಳಿಸಿಬಿಡು. ವೇಟಿಂಗ್ ಲಿಸ್ಟ್‌ನಲ್ಲಿ ಇನ್ನೊಬ್ಬ ಕಾಯ್ತಾ ಕೂತಿರುತ್ತಾನೆ.